ಕಪ್ಪು ಪರದೆಯೂ ಅಪ್ಪನ ಸೀರೀಸ್ ಬಲ್ಬೂ

ಕೆಟ್ಟುಹೋದ ಯಂತ್ರಕ್ಕೂ ಶುರುವೇ ಆಗದ ಯಂತ್ರಕ್ಕೂ ತುಂಬ ವ್ಯತ್ಯಾಸವಿದೆ. ಕೆಟ್ಟ ಯಂತ್ರಕ್ಕೆ ಒಂದು ನಿನ್ನೆ ಇರುತ್ತದೆ. ನಿನ್ನೆ ರಾತ್ರಿಯವರೆಗೂ ಚೆನ್ನಾಗಿತ್ತು, ಬೆಳಿಗ್ಗೆ ಸಿಡಿಲು ಬಡಿಯಿತು, ಆಮೇಲೆ ಸುಮ್ಮನಾಯಿತು ಎಂದು ಹೇಳಿಕೊಳ್ಳಲು ಒಂದು ಕಥೆ ಸಿಗುತ್ತದೆ. ಆ ಕಥೆಯ ದಾರಿಯಲ್ಲಿ ಹಿಂದಕ್ಕೆ ನಡೆದು ಕಾರಣ ಹುಡುಕಬಹುದು. ಹೊಸದಾಗಿ ಜೋಡಿಸಿದ ಕಂಪ್ಯೂಟರಿಗೆ ನಿನ್ನೆ ಎಂಬುದೇ ಇಲ್ಲ. ಅದರ ಒಳಗಿರುವ ಯಾವ ಭಾಗವೂ ಇನ್ನೊಂದರ ಜೊತೆ ಒಂದು ದಿನವಾದರೂ ಬಾಳಿದ್ದಿಲ್ಲ. ಎಲ್ಲವೂ ಹೊಸವು, ಎಲ್ಲವೂ ಡಬ್ಬಿಯ ವಾಸನೆ ಬಿಡದವು, ಆದ್ದರಿಂದ ಎಲ್ಲದರ ಮೇಲೂ ಅನುಮಾನ. ಕಳೆದ ಆಷಾಢದಲ್ಲಿ ಅಂಥದ್ದೊಂದು ಯಂತ್ರದ ಮುಂದೆ ನಾನು ಐದು ದಿನ ಕುಳಿತಿದ್ದೆ.

ಕನ್ನಡದಲ್ಲಿ ಪಿಎಚ್‌ಡಿ ಮಾಡುವ ಹುಡುಗಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ನಮ್ಮ ಹಾಸ್ಟೆಲಿನ ವಾರ್ಡನ್ ಮೇಡಂ ಕೂಡ ಅದನ್ನೇ ಕೇಳಿದ್ದರು. ನನ್ನ ಸಂಶೋಧನೆ ಹಳೆಯ ಮುದ್ರಿತ ಕನ್ನಡ ಪುಸ್ತಕಗಳನ್ನು ಯಂತ್ರದಿಂದ ಓದಿಸುವುದರ ಬಗ್ಗೆ. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು. 1894ರಲ್ಲಿ ಕಿಟೆಲ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನ ಅಚ್ಚುಮೊಳೆಗಳಲ್ಲಿ ಹೊರಬಂತು. ಆ ಕಾಲದ ಪುಟದ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕಿದರೆ ಅದು ಬರೀ ಚಿತ್ರ, ಅದರೊಳಗೆ ಒಂದು ಪದವನ್ನು ಹುಡುಕಲಾಗುವುದಿಲ್ಲ. ಚಿತ್ರದಲ್ಲಿರುವುದನ್ನು ಅಕ್ಷರವೆಂದು ಗುರುತಿಸಲು ಯಂತ್ರಕ್ಕೆ ಕಲಿಸಬೇಕು. ಟೆಸ್ಸರ್ಯಾಕ್ಟ್ ಎಂಬ ತಂತ್ರಾಂಶವಿದೆ. 1985ರ ಸುಮಾರಿಗೆ ಎಚ್‌ಪಿ ಪ್ರಯೋಗಾಲಯದಲ್ಲಿ ಶುರುವಾಗಿ, 2005ರಲ್ಲಿ ಎಲ್ಲರಿಗೂ ಮುಕ್ತವಾದದ್ದು. ಈಗ ಅದಕ್ಕೆ ಇವತ್ತಿನ ಕನ್ನಡ ಸುಮಾರಾಗಿ ಬರುತ್ತದೆ. ಹಳೆಯ ಅಚ್ಚುಮೊಳೆಯ ಕನ್ನಡ ಕೊಟ್ಟರೆ ಮಾತ್ರ ಒಂದನೇ ಕ್ಲಾಸಿನ ಮಗುವಿನಂತೆ ತಡವರಿಸುತ್ತದೆ. ‘ದ’ಕಾರದ ಕೆಳಗೆ ಒಂದು ಸೀಳಿದ್ದರೆ ‘ಧ’, ಹೊಟ್ಟೆಯೊಳಗೆ ಒಂದು ಚುಕ್ಕೆಯಿದ್ದರೆ ‘ಥ’. ನೂರು ವರ್ಷದ ಕಾಗದದಲ್ಲಿ ಆ ಸೀಳು ಮಸಿ ತುಂಬಿ ಮುಚ್ಚಿಹೋಗಿರುತ್ತದೆ, ಇಲ್ಲದ ಕಡೆ ಹುಳ ತಿಂದು ಚುಕ್ಕೆ ಮೂಡಿರುತ್ತದೆ. ಇದನ್ನು ಯಂತ್ರಕ್ಕೆ ಕಲಿಸಲು ಸಾವಿರಾರು ಸಾಲುಗಳನ್ನು ಮತ್ತೆ ಮತ್ತೆ ತೋರಿಸಬೇಕು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಸುತ್ತು ಮುಗಿಯಲು ಎರಡು ದಿನ ಹಿಡಿಯುತ್ತಿತ್ತು. ಅದೂ ಕೆಳಗೆ ಎರಡು ಸ್ಟೀಲ್ ತಟ್ಟೆ ಇಟ್ಟು, ಪಕ್ಕದಲ್ಲಿ ಟೇಬಲ್ ಫ್ಯಾನ್ ಹಾಕಿದರೆ.

ಅಂತಿಮ ಸೆಮಿನಾರಿಗೆ ಇನ್ನು ಮೂರು ವಾರವಿದ್ದಾಗ ಆ ಲ್ಯಾಪ್‌ಟಾಪು ಕಣ್ಣುಮುಚ್ಚಿತು. ಅದೇ ತಿಂಗಳು, ಏಳು ತಿಂಗಳಿಂದ ಬಾಕಿಯಿದ್ದ ಫೆಲೋಶಿಪ್ಪಿನ ಒಂದು ಕಂತು ಬಂದಿತ್ತು. ಮೆಸ್ ಬಿಲ್ಲು, ಸಾಲ ಎಲ್ಲ ಕಳೆದು ಐವತ್ತೈದು ಸಾವಿರ ಉಳಿಯಿತು. ಗ್ರಾಫಿಕ್ಸ್ ಕಾರ್ಡು ಇರುವ, ನಾಲ್ಕೈದು ವರ್ಷ ಬಾಳುವ ಕಂಪ್ಯೂಟರನ್ನು ಬಿಡಿಭಾಗ ತಂದು ಜೋಡಿಸಿಕೊಂಡರೂ ಎಂಬತ್ತು ಸಾವಿರ. ಉಳಿದ ಇಪ್ಪತ್ತೈದು ಸಾವಿರ ಕಳಿಸಿದ್ದು ಅಪ್ಪ.

ಅಪ್ಪನದು ಮೋಟಾರ್ ರಿವೈಂಡಿಂಗ್ ಕೆಲಸ. ಮಂಡ್ಯ ಜಿಲ್ಲೆಯ ನಮ್ಮೂರಿನ ಬಸ್‌ಸ್ಟಾಪಿನ ಪಕ್ಕದಲ್ಲಿ ಶೀಟಿನ ಒಂದು ಅಂಗಡಿ. ಕಬ್ಬಿನ ಗದ್ದೆಯ ಪಂಪ್‌ಸೆಟ್ಟುಗಳೇ ಅದರ ಅನ್ನ. ತ್ರೀ ಫೇಸ್ ಕರೆಂಟು ಯಾವಾಗಲೋ ಬಂದು ಯಾವಾಗಲೋ ಹೋಗುವ ಊರಿನಲ್ಲಿ ಮೋಟಾರು ಸುಡುವುದು ಜ್ವರ ಬಂದಷ್ಟೇ ಸಾಮಾನ್ಯ. ಸುಟ್ಟ ಮೋಟಾರಿನ ಹೊಟ್ಟೆ ಸೀಳಿ ಕಪ್ಪಾದ ತಾಮ್ರದ ತಂತಿ ಕಿತ್ತು ತೆಗೆದು, ಅಷ್ಟೇ ಗೇಜಿನ ಹೊಸ ತಂತಿಯನ್ನು ಅಷ್ಟೇ ಸುತ್ತು ಸುತ್ತಿ, ವಾರ್ನಿಷ್ ಹೊಡೆದು ಒಣಗಿಸಿ ಕೊಡಬೇಕು. ಎರಡು ವರ್ಷದಿಂದ ಅಪ್ಪನ ಬಲಗೈ ನಡುಗುತ್ತದೆ. ಸ್ಲಾಟಿನೊಳಗೆ ತಂತಿ ಕೂರಿಸುವ ಕೆಲಸ ನಡುಗುವ ಕೈಯಲ್ಲಿ ಆಗುವುದಿಲ್ಲ. ಅಂಗಡಿಯ ಬಾಗಿಲು ಈಗ ಬೆಳಿಗ್ಗೆ ಒಂದೆರಡು ಗಂಟೆ ಮಾತ್ರ ತೆರೆದಿರುತ್ತದೆ. ಕಿತ್ತ ತಾಮ್ರವನ್ನು ಅಪ್ಪ ಗೋಣಿಚೀಲದಲ್ಲಿ ತುಂಬಿ ಅಟ್ಟದ ಮೇಲೆ ಇಡುತ್ತಿದ್ದರು, ಅವ್ವನ ಪ್ರಕಾರ ನನ್ನ ಮದುವೆಗೆ. ಆ ಚೀಲಗಳು ಗುಜರಿಗೆ ಹೋಗಿ ಇಪ್ಪತ್ತೈದು ಸಾವಿರವಾಗಿ ನನ್ನ ಖಾತೆಗೆ ಬಂದವು. ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಅಟ್ಟದ್ ಮ್ಯಾಲೆ ಸುಮ್ನೆ ಬಿದ್ದಿತ್ತು ಕಣವ್ವ, ಹೆಗ್ಗಣ ಸೇರ್ಕೋತಿದ್ವು.”

ಬೆಂಗಳೂರಿನಲ್ಲಿ ಎಸ್.ಪಿ. ರೋಡು ಎಂದರೆ ಎಲ್ಲರಿಗೂ ಗೊತ್ತು. ಸಾದರ ಪಟ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಗೊತ್ತಿರುವವರು ಕಡಿಮೆ. ಆ ಕಿಷ್ಕಿಂಧೆಯಲ್ಲಿ ಅರ್ಧ ದಿನ ಸುತ್ತಿ, ಮೂರು ಅಂಗಡಿಯ ರೇಟು ಬರೆದುಕೊಂಡು, ಒಂದು ಕಡೆ ಮದರ್‌ಬೋರ್ಡು, ಪ್ರೊಸೆಸರು, ರ‍್ಯಾಮು, ಪವರ್ ಸಪ್ಲೈ, ಗ್ರಾಫಿಕ್ಸ್ ಕಾರ್ಡು, ಎಸ್‌ಎಸ್‌ಡಿ, ಕ್ಯಾಬಿನೆಟ್ಟು ಎಲ್ಲ ತೆಗೆದುಕೊಂಡೆ. ಪ್ರೊಸೆಸರಿನ ಮಾಡೆಲ್ ಹೇಳಿ, ಇದಕ್ಕೆ ಈ ಬೋರ್ಡು ಆಗುತ್ತದಲ್ಲವೇ ಎಂದು ಎರಡು ಸಲ ಕೇಳಿದ್ದೆ. “ಆಗುತ್ತೆ ಮೇಡಂ, ಸೇಮ್ ಸಾಕೆಟ್ಟು” ಎಂದಿದ್ದರು. ಈ ಮಾತನ್ನು ನೆನಪಿಟ್ಟುಕೊಂಡಿರಿ.

ಶುಕ್ರವಾರ ಸಂಜೆ ಜೋಡಿಸಿ ಮುಗಿಸಿ ಸ್ವಿಚ್ ಒತ್ತಿದೆ. ಫ್ಯಾನುಗಳು ತಿರುಗಿದವು. ಬೋರ್ಡಿನ ಅಂಚಿನಲ್ಲಿ ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೆ ನಿಂತು, ‘ನೋ ಸಿಗ್ನಲ್’ ಎಂದು ಒಮ್ಮೆ ತೇಲಿಸಿ ನಿದ್ದೆ ಹೋಯಿತು. ಆರಿಸಿ ಮತ್ತೆ ಹಾಕಿದೆ. ಅದೇ.

ಈ ಘಟ್ಟದಲ್ಲಿ ಕಂಪ್ಯೂಟರಿನೊಳಗೆ ಏನು ನಡೆಯಬೇಕಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು. ‘ಬೂಟ್’ ಎನ್ನುವ ಮಾತು ಬಂದದ್ದು ಬೂಟಿನ ಪಟ್ಟಿಯಿಂದ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆತ್ತಿ ಮೇಲೇಳುವುದು ಎಂಬ ಅಸಾಧ್ಯದ ಮಾತೊಂದು ಇಂಗ್ಲಿಷಿನಲ್ಲಿದೆ. ಯುರೋಪಿನ ಬುರುಡೆಪುರಾಣಗಳ ನಾಯಕ ಬ್ಯಾರನ್ ಮಂಚೌಸೆನ್ ಜೌಗಿನಲ್ಲಿ ಹೂತುಹೋದಾಗ ತನ್ನ ಜುಟ್ಟನ್ನು ತಾನೇ ಹಿಡಿದೆಳೆದು ಹೊರಬಂದನಂತೆ. ಕಂಪ್ಯೂಟರಿನ ಸಮಸ್ಯೆಯೂ ಅದೇ. ಯಾವ ಪ್ರೋಗ್ರಾಂ ನಡೆಯಬೇಕಾದರೂ ಅದು ಮೊದಲು ಮೆಮೊರಿಯೊಳಗೆ ಬರಬೇಕು, ಅದನ್ನು ತಂದು ಹಾಕಲು ಇನ್ನೊಂದು ಪ್ರೋಗ್ರಾಂ ಬೇಕು. ಆ ಮೊದಲನೆಯದನ್ನು ತಂದು ಹಾಕುವವರು ಯಾರು? ಅದಕ್ಕಾಗಿ ಬೋರ್ಡಿನ ಮೇಲೆ ಒಂದು ಚಿಕ್ಕ ಚಿಪ್ಪಿನಲ್ಲಿ, ಕರೆಂಟು ಹೋದರೂ ಅಳಿಯದಂತೆ ಒಂದಿಷ್ಟು ಪಾಠವನ್ನು ಬರೆದಿಟ್ಟಿರುತ್ತಾರೆ. ಅದೇ ಬಯಾಸ್. ಗ್ಯಾರಿ ಕಿಲ್ಡಾಲ್ ಎಂಬಾತ 1970ರ ದಶಕದಲ್ಲಿ ತನ್ನ ಸಿಪಿ/ಎಂ ವ್ಯವಸ್ಥೆಗಾಗಿ ಇಟ್ಟ ಹೆಸರು. 1981ರಲ್ಲಿ ಐಬಿಎಂ ಪಿಸಿ ಬಂದ ಮೇಲೆ ಮನೆಮಾತಾಯಿತು. ಇವತ್ತಿನ ಬೋರ್ಡುಗಳಲ್ಲಿರುವುದು ಅದರ ಹೊಸ ಅವತಾರವಾದರೂ ಎಲ್ಲರೂ ಕರೆಯುವುದು ಹಳೆಯ ಹೆಸರಿನಿಂದಲೇ.

ಸ್ವಿಚ್ ಒತ್ತಿದಾಗ ಪವರ್ ಸಪ್ಲೈ ಮೊದಲು ತನ್ನನ್ನು ತಾನು ನೋಡಿಕೊಳ್ಳುತ್ತದೆ. ಹನ್ನೆರಡು, ಐದು, ಮೂರೂಕಾಲು ಚಿಲ್ಲರೆ ವೋಲ್ಟುಗಳು ಸರಿಯಾಗಿ ನಿಂತ ಮೇಲೆ, ನೂರರಿಂದ ಐನೂರು ಮಿಲಿಸೆಕೆಂಡಿನೊಳಗೆ ಒಂದು ತಂತಿಯ ಮೂಲಕ ‘ಕರೆಂಟು ಸರಿಯಿದೆ’ ಎಂಬ ಸುದ್ದಿ ಕಳಿಸುತ್ತದೆ. ಆಗ ಪ್ರೊಸೆಸರ್ ಎದ್ದು ಬಯಾಸ್ ಹೇಳಿದಂತೆ ನಡೆಯಲು ಶುರುಮಾಡುತ್ತದೆ. ತಾನಿದ್ದೇನೆಯೇ, ರ‍್ಯಾಮ್ ಇದೆಯೇ, ಗ್ರಾಫಿಕ್ಸ್ ಇದೆಯೇ ಎಂದು ಹಾಜರಿ ಕರೆಯುತ್ತದೆ. ಹಾಜರಿ ಮುಗಿದ ಮೇಲೆ ಡಿಸ್ಕಿನಿಂದ ವಿಂಡೋಸನ್ನೋ ಲಿನಕ್ಸನ್ನೋ ಎಬ್ಬಿಸುತ್ತದೆ. ಪರದೆಯ ಮೇಲೆ ಮೊದಲ ಬೆಳಕು ಬೀಳುವ ಮುಂಚೆಯೇ ಈ ಹಾಜರಿ ಆಗಿಹೋಗಿರಬೇಕು. ಹಾಗಾಗಿ ಹಾಜರಿಯ ಮೊದಲ ಹೆಸರಿಗೇ ಉತ್ತರ ಬಾರದಿದ್ದರೆ, ಏನು ತೊಂದರೆ ಎಂದು ಬರೆದು ತೋರಿಸಲು ಪರದೆಯೇ ಇರುವುದಿಲ್ಲ. ಅದಕ್ಕೇ ಹಳೆಯ ಕಂಪ್ಯೂಟರುಗಳು ಬೀಪ್ ಎಂದು ಎಣಿಸಿದಂತೆ ಕೂಗುತ್ತಿದ್ದವು. ಈಗಿನ ಹಲವು ಬೋರ್ಡುಗಳಲ್ಲಿ ಅದರ ಬದಲು ಸಾಸಿವೆ ಕಾಳಿನಷ್ಟು ದೊಡ್ಡ ನಾಲ್ಕು ದೀಪಗಳಿರುತ್ತವೆ: ಪ್ರೊಸೆಸರಿಗೊಂದು, ರ‍್ಯಾಮಿಗೊಂದು, ಗ್ರಾಫಿಕ್ಸಿಗೊಂದು, ಡಿಸ್ಕಿಗೊಂದು. ಯಾವುದು ಹತ್ತಿಕೊಂಡೇ ಉಳಿಯುತ್ತದೋ ಅಲ್ಲಿ ತೊಂದರೆ. ನನ್ನ ಬೋರ್ಡಿನಲ್ಲಿ ಮೊದಲನೆಯ ದೀಪವೇ ಕೆಂಪಗೆ ನಿಂತಿತ್ತು.

ರಾತ್ರಿ ಒಂಬತ್ತಕ್ಕೆ ಅಪ್ಪನ ಫೋನು.

“ಮಿಸಿನ್ನು ಹತ್ಕತಾ ಮಗಾ?”

“ಇಲ್ಲ ಅಪ್ಪ. ಫ್ಯಾನ್ ತಿರುಗುತ್ತೆ, ಪರದೆ ಬರ್ತಿಲ್ಲ.”

ಒಂದು ಗಳಿಗೆ ಸುಮ್ಮನಿದ್ದರು. ನನ್ನ ತಲೆಯಲ್ಲಿ ಗೋಣಿಚೀಲ, ಅಟ್ಟ, ಗುಜರಿಯವನ ತಕ್ಕಡಿ ಎಲ್ಲ ಬಂದುಹೋದವು. ಅಪ್ಪ ದುಡ್ಡಿನ ಮಾತೆತ್ತಲಿಲ್ಲ.

“ಫ್ಯಾನು ತಿರುಗ್ತದೆ ಅಂತ ನಂಬ್ಕಂಡ್ ಕೂತ್ಕಬ್ಯಾಡ. ಮೂರ್ ಫೇಸ್‌ನಾಗೆ ಒಂದ್ ಫೇಸ್ ಹೋಗಿದ್ರೂ ಮೋಟ್ರು ಗುಂಯ್ ಅಂತದೆ. ಸದ್ದು ಬಂದ್ರೆ ಜೀವ ಅದೆ ಅಂತಲ್ಲ. ಅದ್ಕೆ ಎಷ್ಟ್ ಕಡೆಯಿಂದ ಕರೆಂಟು ಹೋಯ್ತದೆ?”

ಇದು ಬಹಳ ಸರಿಯಾದ ಪ್ರಶ್ನೆ ಎಂದು ಆಮೇಲೆ ಹೊಳೆಯಿತು. ಮದರ್‌ಬೋರ್ಡಿಗೆ ಎರಡು ಕಡೆಯಿಂದ ಕರೆಂಟು ಹೋಗುತ್ತದೆ. ಇಪ್ಪತ್ತನಾಲ್ಕು ಪಿನ್ನಿನ ದೊಡ್ಡ ಕನೆಕ್ಟರು ಇಡೀ ಬೋರ್ಡಿಗೆ. ಮೇಲಿನ ಮೂಲೆಯಲ್ಲಿ ಎಂಟು ಪಿನ್ನಿನ ಇನ್ನೊಂದು, ಪ್ರೊಸೆಸರಿಗೆಂದೇ. ಎರಡನೆಯದು ಸಿಕ್ಕಿಸದಿದ್ದರೂ ಫ್ಯಾನುಗಳು ಗಿರ್ರೆನ್ನುತ್ತಿರುತ್ತವೆ. ನೋಡಿದೆ. ಸರಿಯಾಗಿಯೇ ಕೂತಿತ್ತು.

“ಹಂಗಾದ್ರೆ ಸಪ್ಲೈ ಬತ್ತಾ ಇದ್ಯಾ ಅಳೆದು ನೋಡು. ಕಣ್ಣಲ್ಲಿ ನೋಡ್ಬ್ಯಾಡ, ಮೀಟ್ರಲ್ಲಿ ನೋಡು.”

ಶನಿವಾರ ಎಲೆಕ್ಟ್ರಾನಿಕ್ಸ್ ವಿಭಾಗದ ಹುಡುಗನೊಬ್ಬನಿಂದ ಮಲ್ಟಿಮೀಟರ್ ತಂದೆ. ಬೋರ್ಡಿನಿಂದ ಪವರ್ ಸಪ್ಲೈಯನ್ನು ಬಿಡಿಸಿ ಒಂಟಿಯಾಗಿ ಎಬ್ಬಿಸುವ ಒಂದು ಉಪಾಯವಿದೆ. ದೊಡ್ಡ ಕನೆಕ್ಟರಿನ ಹಸಿರು ತಂತಿಯನ್ನು ಪಕ್ಕದ ಕಪ್ಪು ತಂತಿಗೆ ಒಂದು ಪೇಪರ್ ಕ್ಲಿಪ್ಪಿನಿಂದ ಕೂಡಿಸಿದರೆ, ಬೋರ್ಡೇ ಎಬ್ಬಿಸಿತೆಂದು ತಿಳಿದು ಅದು ಏಳುತ್ತದೆ. ನನ್ನದರಲ್ಲಿ ಎಲ್ಲ ತಂತಿಗಳೂ ಕಪ್ಪು. ಈಗಿನವು ನೋಡಲು ಚೆಂದ ಕಾಣಲೆಂದು ಹೀಗೆ ಬರುತ್ತವಂತೆ. ಅಪ್ಪನಿಗೆ ಹೇಳಿದರೆ ಉರಿದುಬಿದ್ದರು: “ಎಲ್ಲಾ ಒಂದೇ ಬಣ್ಣ ಹಾಕೋನು ರಿಪೇರಿ ಮಾಡೋನ್ನ ನೆನಿಸ್ಕಂಡಿಲ್ಲ ಅಂತಾಯ್ತು!” ಕ್ಲಿಪ್ಪಿರುವ ಬದಿಯ ಸಾಲಿನಲ್ಲಿ ಎಣಿಸಿ ಹದಿನಾರನೇ ಪಿನ್ನನ್ನು ಹಿಡಿದೆ. ಹನ್ನೆರಡು ವೋಲ್ಟಿನ ಕಡೆ ಮೀಟರು 12.1 ತೋರಿಸಿತು. ಶೇಕಡಾ ಐದರಷ್ಟು ಆಚೀಚೆ ಇರಬಹುದೆಂಬುದು ನಿಯಮ. ಐದು ವೋಲ್ಟೂ ಸರಿ, ಮೂರೂಕಾಲು ಚಿಲ್ಲರೆಯದೂ ಸರಿ. ಅಪ್ಪನಿಗೆ ಒಂದೊಂದೇ ಅಂಕಿ ಓದಿ ಹೇಳಿದೆ. ಆಚೆ ಕಡೆ ಪೆನ್ನಿನ ಸದ್ದು ಕೇಳುತ್ತಿತ್ತು. ಬರೆದುಕೊಳ್ಳುತ್ತಿದ್ದರು!

ಅಪ್ಪನ ಅಂಗಡಿಯಲ್ಲಿ ಒಂದು ಸೀರೀಸ್ ಬಲ್ಬಿದೆ. ಹಲಗೆಯ ಮೇಲೆ ಹೋಲ್ಡರು, ಅದರಲ್ಲಿ ನೂರು ವಾಟಿನ ಹಳೆಯ ಬಲ್ಬು, ಹೊರಗೆ ಚಾಚಿದ ಎರಡು ವೈರು. ಮೋಟಾರಿನ ಕಾಯಿಲಿನ ಎರಡು ತುದಿಗೆ ಆ ವೈರುಗಳನ್ನು ಮುಟ್ಟಿಸುತ್ತಾರೆ. ಬಲ್ಬು ಮಂಕಾಗಿ ಉರಿದರೆ ಕಾಯಿಲ್ ಬದುಕಿದೆ. ಪೂರ್ತಿ ಉರಿದರೆ ಒಳಗೆ ಶಾರ್ಟ್ ಆಗಿದೆ. ಉರಿಯದೇ ಇದ್ದರೆ ತಂತಿ ಕಡಿದಿದೆ. ಒಂದು ಬಲ್ಬು, ಮೂರು ಉತ್ತರ. ಚಿಕ್ಕಂದಿನಲ್ಲಿ ಅದು ನನಗೆ ಮಂತ್ರವಾದಿಯ ಸಾಮಾನಿನಂತೆ ಕಾಣುತ್ತಿತ್ತು. ಅಪ್ಪ ಯಾವತ್ತೂ ‘ಏನು ಹಾಳಾಗಿರಬಹುದು’ ಎಂದು ಊಹಿಸಿದ್ದನ್ನು ನಾನು ಕೇಳಿಲ್ಲ. ಯಾರಾದರೂ ರೈತರು “ಬೇರಿಂಗ್ ಹೋಗಿರ್ಬೇಕು ಕಣಣ್ಣ” ಎಂದರೆ, “ಇರಬೋದು, ಬಲ್ಬ್ ಹೇಳಲಿ ತಡಿ” ಎನ್ನುತ್ತಿದ್ದರು. ನಾಲ್ಕು ಸಾಸಿವೆ ದೀಪಗಳ ವಿಷಯ ಹೇಳಿದಾಗ ಅಪ್ಪನಿಗೆ ಖುಷಿಯಾಯಿತು. “ಹಂಗಾದ್ರೆ ಅದ್ರಾಗೂ ಸೀರೀಸ್ ಬಲ್ಬು ಮಡಗವ್ರೆ ಅನ್ನು.”

“ಈಗ ಎಲ್ಲಾನೂ ಬಿಚ್ಚಾಕು. ಇಲ್ದೆ ಇದ್ರೂ ನಡೀತದೆ ಅನ್ನೋದನ್ನೆಲ್ಲ ತೆಗಿ. ಆಮ್ಯಾಕೆ ಒಂದೊಂದೇ ಹಾಕ್ಕಂಡ್ ಬಾ. ಎರಡು ಒಟ್ಗೆ ಬದ್ಲಾಯಿಸ್ಬ್ಯಾಡ. ಎರಡು ಬದ್ಲಾಯಿಸ್ದ್ರೆ ಯಾವುದ್ರಿಂದ ಸರಿಯಾಯ್ತು ಅಂತ ಗೊತ್ತಾಗಕ್ಕಿಲ್ಲ.”

ನಾಲ್ಕು ವರ್ಷ ಸಂಶೋಧನಾ ವಿಧಾನದ ಕೋರ್ಸುವರ್ಕು, ಕಾರ್ಯಾಗಾರ ಎಲ್ಲ ಮಾಡಿದವಳು ನಾನು. ಒಂದು ಚರಾಂಶವನ್ನು ಮಾತ್ರ ಬದಲಿಸಿ ಉಳಿದದ್ದನ್ನು ಸ್ಥಿರವಾಗಿಡಬೇಕೆಂದು ಪುಸ್ತಕದಲ್ಲಿ ಓದಿದ್ದು ಇದನ್ನೇ.

ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ಅದೇ ಬಂದ ರಟ್ಟಿನ ಡಬ್ಬಿಯ ಮೇಲೆ ಮಲಗಿಸಿದೆ. ಕ್ಯಾಬಿನೆಟ್ಟಿನೊಳಗಿನ ಹಿತ್ತಾಳೆಯ ಮೊಳೆಯೊಂದು ತಪ್ಪು ಜಾಗದಲ್ಲಿ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುವುದುಂಟು. ಹಾಗಿದ್ದರೆ ಹೊರಗೆ ತಂದಾಗ ಏಳಬೇಕು. ಏಳಲಿಲ್ಲ. ಎಸ್‌ಎಸ್‌ಡಿ ತೆಗೆದೆ, ಒಂದು ರ‍್ಯಾಮ್ ತೆಗೆದೆ. ಉಳಿದ ಒಂದನ್ನು ನಾಲ್ಕು ಸ್ಲಾಟಿನಲ್ಲೂ ಹಾಕಿ ನೋಡಿದೆ, ಆಮೇಲೆ ಅದರ ಜೋಡಿಯನ್ನೂ. ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದೆ. ಆ ಬ್ಯಾಟರಿಯ ಹೆಸರು ಸಿಆರ್2032. ಇಪ್ಪತ್ತು ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬುದನ್ನೇ ಹೆಸರು ಮಾಡಿದ್ದಾರೆ. ಕೂಲರ್ ಬಿಚ್ಚಿ, ಪೇಸ್ಟ್ ಒರೆಸಿ, ಪ್ರೊಸೆಸರನ್ನು ಎತ್ತಿ ತಲೆಕೆಳಗು ಮಾಡಿ ಮೊಬೈಲಿನ ಟಾರ್ಚಿನಲ್ಲಿ ನೋಡಿದೆ. 1331 ಪಿನ್ನುಗಳು ಭತ್ತದ ಸಸಿಮಡಿಯಂತೆ ಸಾಲಾಗಿ ನಿಂತಿದ್ದವು. ಒಂದೂ ಬಾಗಿರಲಿಲ್ಲ. ಪ್ರತಿ ಹೆಜ್ಜೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ: ಎಡಗಡೆ ಏನು ಬದಲಿಸಿದೆ, ಬಲಗಡೆ ಏನಾಯಿತು. ಎಡಗಡೆ ಹತ್ತೊಂಬತ್ತು ಸಾಲು. ಬಲಗಡೆ ಹತ್ತೊಂಬತ್ತು ಸಲ ‘ಕೆಂಪು ದೀಪ’.

ಅಂಗಡಿಗೂ ಫೋನ್ ಮಾಡಿದೆ. “ಯಾರು ಜೋಡಿಸಿದ್ದು ಮೇಡಂ?” ಎಂದರು. ನಾನೇ ಎಂದೆ. “ಹಂಗಾದ್ರೆ ಚೆಕಿಂಗ್ ಚಾರ್ಜ್ ಆಗುತ್ತೆ, ಪ್ರೊಸೆಸರ್ ಹೋಗಿದ್ರೆ ವಾರಂಟಿಗೆ ಕಳಿಸ್ಬೇಕು, ಮೂರು ವಾರ.” ನನ್ನ ಸೆಮಿನಾರಿಗೆ ಉಳಿದಿದ್ದದ್ದೇ ಮೂರು ವಾರ. ಅಂಗಡಿಯವರ ದನಿಯಲ್ಲಿ ಕೋಪವಿರಲಿಲ್ಲ, ಅಯ್ಯೋ ಪಾಪ ಎನ್ನುವಂಥದ್ದೇನೋ ಇತ್ತು. ಅದು ಹೆಚ್ಚು ಚುಚ್ಚಿತು.

ಭಾನುವಾರ ರಾತ್ರಿ ಅಪ್ಪ ಇನ್ನೊಂದು ಮಾತು ಕೇಳಿದರು. ಯಂತ್ರ ರಿಪೇರಿಗೆ ಅದರ ಸಂಬಂಧವಿರಲಿಲ್ಲ.

“ಅಲ್ಲ ಮಗಾ, ಇದು ಹತ್ಕಂಡ್ರೆ ನೀನು ಏನ್ ಮಾಡ್ತೀಯ ಇದ್ರಾಗೆ?”

ಐದನೇ ವರ್ಷದ ಪಿಎಚ್‌ಡಿ ನನ್ನದು. ಊರಿನಲ್ಲಿ ಯಾರಾದರೂ ಕೇಳಿದರೆ ಅಪ್ಪ “ದೊಡ್ಡ ಓದು ಓದ್ತಾವ್ಳೆ” ಎಂದು ಮುಗಿಸುತ್ತಿದ್ದರು. ಯಾವ ಓದು ಎಂಬ ಪ್ರಶ್ನೆ ನಮ್ಮಿಬ್ಬರ ನಡುವೆ ಬಂದಿದ್ದೇ ಇಲ್ಲ. ಆ ರಾತ್ರಿ ನಾನು ‘ದ’, ‘ಧ’, ‘ಥ’ದ ಕಥೆ ಹೇಳಿದೆ. ಮುಚ್ಚಿಹೋದ ಸೀಳು, ಹುಳ ತಿಂದ ಚುಕ್ಕೆ. ಈಗ ಯಾರೂ ಬಳಸದ ‘ಱ’ ಮತ್ತು ‘ೞ’ ಎಂಬ ಎರಡು ಅಕ್ಷರಗಳು ಹಳಗನ್ನಡದ ಪುಟದಲ್ಲಿ ಬಂದಾಗ, ಅವುಗಳ ಪರಿಚಯವಿಲ್ಲದ ಯಂತ್ರ ಇನ್ಯಾವುದೋ ಅಕ್ಷರವೆಂದು ಓದಿ ಮುಂದೆ ಹೋಗಿಬಿಡುವುದು. ಅದು ಎಲ್ಲಿ ತಪ್ಪುತ್ತದೆ ಎಂದು ಹುಡುಕಿ, ಅದೇ ತಪ್ಪಿನ ನೂರು ಉದಾಹರಣೆ ತೋರಿಸಿ ಮತ್ತೆ ಕಲಿಸುವುದು.

ಅಪ್ಪ ಎಲ್ಲ ಕೇಳಿಸಿಕೊಂಡು ಅಂದರು: “ಅಂದ್ರೆ ನೀನೂ ರಿಪೇರಿ ಕೆಲ್ಸನೇ ಮಾಡ್ತಿರಾದು.”

ಹೌದು ಅಪ್ಪ ಎಂದೆ. ನನ್ನ ಪ್ರಬಂಧದ ಪ್ರಸ್ತಾವನೆಯ ನಲವತ್ತು ಪುಟ ಇಷ್ಟು ಚೆನ್ನಾಗಿ ಹೇಳಿಲ್ಲ.

ಸೋಮವಾರ ದಾರಿ ತೆರೆದದ್ದು ಫಿಸಿಕ್ಸ್ ವಿಭಾಗದ ಅಕ್ಕನಿಂದ. ನಮ್ಮ ಹಾಸ್ಟೆಲಿನಲ್ಲಿ ನನಗಿಂತ ಹಿರಿಯರು, ಎಲ್ಲರೂ ಅಕ್ಕ ಎಂದೇ ಕರೆಯುತ್ತೇವೆ. ಅವರ ಬಳಿ ಮೂರು ವರ್ಷ ಹಳೆಯ ಕಂಪ್ಯೂಟರಿದೆ, ಅದೇ ಸಾಕೆಟ್ಟಿನದು. ಅಪ್ಪನ ವಿಧಾನದ ಪ್ರಕಾರ ಮುಂದಿನ ಹೆಜ್ಜೆ ಗೊತ್ತಿತ್ತು. ಅನುಮಾನವಿರುವ ಭಾಗದ ಜಾಗಕ್ಕೆ ಸರಿಯೆಂದು ಗೊತ್ತಿರುವ ಭಾಗವನ್ನು ಹಾಕಿ ನೋಡಬೇಕು. ಆದರೆ ನಡೆಯುತ್ತಿರುವ ಯಂತ್ರದ ಪ್ರೊಸೆಸರನ್ನು ಬಿಚ್ಚಿ ಕೊಡಿ ಎಂದು ಕೇಳುವುದು ಹೇಗೆ? ಅವರ ಪ್ರಬಂಧವೂ ಅದರಲ್ಲೇ ಇದೆ. ನಾನು ಬಾಯಿಬಿಡುವ ಮುಂಚೆ ನೋಟ್‌ಬುಕ್ಕಿನ ಹತ್ತೊಂಬತ್ತು ಸಾಲು ಓದಿದ ಅಕ್ಕ, “ಇಷ್ಟು ನೋಡಿದ್ದೀಯಲ್ಲ, ಇನ್ನು ಉಳಿದಿರೋದು ಒಂದೇ. ಬಾ, ನಂದು ಬಿಚ್ಚೋಣ” ಎಂದರು.

ಅವರ ಕಂಪ್ಯೂಟರನ್ನು ಮೊದಲು ಹದಿನೈದು ನಿಮಿಷ ಓಡಿಸಿದೆವು. ಬಿಸಿಯಾದರೆ ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ಮೇಲಕ್ಕೆಳೆಯದೆ ಬಾಟಲಿಯ ಮುಚ್ಚಳದಂತೆ ಮೆಲ್ಲಗೆ ತಿರುಗಿಸಿ ಬಿಡಿಸಬೇಕು. ಎಳೆದರೆ ಪ್ರೊಸೆಸರೂ ಅಂಟಿಕೊಂಡು ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನು ಬಾಗುವ ಭಯ. ಅಕ್ಕನ ಹಳೆಯ ಪ್ರೊಸೆಸರನ್ನು ನನ್ನ ಬೋರ್ಡಿನಲ್ಲಿ ಕೂರಿಸಿ ಸ್ವಿಚ್ ಒತ್ತಿದೆವು. ಕೆಂಪು ದೀಪ ಹತ್ತಿತು, ಆರಿತು. ಎರಡನೆಯದು ಹತ್ತಿ ಆರಿತು. ಮೂರನೆಯದು. ಪರದೆಯ ಮೇಲೆ ಬೋರ್ಡಿನ ಕಂಪನಿಯ ಗುರುತು ಮೂಡಿತು.

ಖುಷಿಪಡಬೇಕಾದ ಗಳಿಗೆಯಲ್ಲಿ ನನ್ನ ಹೊಟ್ಟೆಯೊಳಗೆ ತಣ್ಣಗಾಯಿತು. ಬೋರ್ಡು ಸರಿಯಿದ್ದರೆ ನನ್ನ ಪ್ರೊಸೆಸರೇ ಸತ್ತಿದೆ ಎಂದು ತಾನೇ ಅರ್ಥ? ಅದು ಎಲ್ಲಕ್ಕಿಂತ ದುಬಾರಿ ಭಾಗಗಳಲ್ಲೊಂದು. ಅಕ್ಕ “ತಡಿ, ಇನ್ನರ್ಧ ಬಾಕಿ ಇದೆ” ಎಂದು ನನ್ನ ಹೊಸ ಪ್ರೊಸೆಸರನ್ನು ತಮ್ಮ ಹಳೆಯ ಬೋರ್ಡಿನಲ್ಲಿ ಹಾಕಿದರು. ಅದೂ ಎದ್ದಿತು!

ಎರಡೂ ಸರಿ. ಎರಡೂ ಕೂಡಿದರೆ ಮಾತ್ರ ಏಳುವುದಿಲ್ಲ. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ನಕ್ಕುಬಿಟ್ಟರು. “ಗಂಡೂ ಒಳ್ಳೇವ್ನೇ, ಹೆಣ್ಣೂ ಒಳ್ಳೇವ್ಳೇ. ಜಾತ್ಕ ಕೂಡ್ಲಿಲ್ಲ ಅಷ್ಟೇಯ.”

ಜಾತಕ ಇದ್ದದ್ದು ಬಯಾಸ್ ಚಿಪ್ಪಿನೊಳಗೆ. ಆ ಚಿಪ್ಪಿನಲ್ಲಿ ಹದಿನಾರೋ ಮೂವತ್ತೆರಡೋ ಮೆಗಾಬೈಟಿನಷ್ಟು ಜಾಗ. ಯಾವ ಯಾವ ಪ್ರೊಸೆಸರನ್ನು ಹೇಗೆ ಎಬ್ಬಿಸಬೇಕು ಎಂಬ ಪಾಠ ಅದರಲ್ಲಿರುತ್ತದೆ. ಸಾಕೆಟ್ಟಿನ ಆಕಾರ ಒಂದೇ ಆಗಿದ್ದರೂ, ಬೋರ್ಡು ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಹುಟ್ಟಿದ ಪ್ರೊಸೆಸರಿನ ಪಾಠ ಆ ಚಿಪ್ಪಿನಲ್ಲಿರಲು ಸಾಧ್ಯವಿಲ್ಲ. ಪರದೆಯ ಮೂಲೆಯಲ್ಲಿ ಬಯಾಸಿನ ತಾರೀಖು ಇತ್ತು. ನನ್ನ ಪ್ರೊಸೆಸರ್ ಮಾರುಕಟ್ಟೆಗೆ ಬರುವ ಎಷ್ಟೋ ಮುಂಚಿನದು. ಗೋಡೌನಿನಲ್ಲಿ ಕೂತಿದ್ದ ಹಳೆಯ ಸ್ಟಾಕನ್ನು ಹೊಸದರ ಜೊತೆ ಕಟ್ಟಿಕೊಟ್ಟಿದ್ದರು. ಸೇಮ್ ಸಾಕೆಟ್ಟು ಎಂಬ ಮಾತು ಸುಳ್ಳಲ್ಲ, ಸಾಲದು ಅಷ್ಟೆ. ಅಕ್ಕನ ಬೋರ್ಡು ಹಳೆಯದಾದರೂ ಅವರು ಕಾಲಕಾಲಕ್ಕೆ ಬಯಾಸ್ ಹೊಸದು ಮಾಡಿಕೊಂಡಿದ್ದರು. ಹಾಗಾಗಿ ಅದಕ್ಕೆ ನನ್ನ ಪ್ರೊಸೆಸರಿನ ಗುರುತು ಸಿಕ್ಕಿತು.

ಮದ್ದು ಗೊತ್ತಾಯಿತು: ಅಕ್ಕನ ಪ್ರೊಸೆಸರ್ ಕೂತಿರುವಾಗಲೇ ನನ್ನ ಬೋರ್ಡಿನ ಬಯಾಸನ್ನು ಹೊಸದು ಮಾಡುವುದು. ಕಂಪನಿಯ ತಾಣದಿಂದ ಕಡತ ಇಳಿಸಿ, ಫ್ಯಾಟ್32 ಮಾಡಿದ ಪೆನ್‌ಡ್ರೈವಿಗೆ ಹಾಕಿ, ಬಯಾಸಿನೊಳಗಿಂದಲೇ ಓಡಿಸಬೇಕು. ಐದಾರು ನಿಮಿಷದ ಕೆಲಸ. ಆ ನಿಮಿಷಗಳಲ್ಲಿ ಹಳೆಯ ಪಾಠ ಅಳಿಸಿ ಹೊಸದನ್ನು ಬರೆಯುತ್ತಿರುತ್ತದೆ. ನಡುವೆ ಕರೆಂಟು ಹೋದರೆ ಚಿಪ್ಪಿನಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ತನ್ನ ಜುಟ್ಟು ಹಿಡಿಯಲು ಕೈಯೇ ಇಲ್ಲದ ಮಂಚೌಸೆನ್ ಆಗಿಬಿಡುತ್ತದೆ ಬೋರ್ಡು. ಹೊರಗೆ ಆಷಾಢದ ಗಾಳಿ, ಹಾಸ್ಟೆಲಿನಲ್ಲಿ ದಿನಕ್ಕೆ ಮೂರು ಸಲ ಕರೆಂಟು ಹೋಗುವ ಕಾಲ.

“ಗಾಳಿ ಬೀಸೋವಾಗ ಸ್ಟಾರ್ಟ್ರು ಎತ್ಬ್ಯಾಡ” ಎಂದರು ಅಪ್ಪ. ಮಂಗಳವಾರ ಬೆಳಿಗ್ಗೆ ಬೋರ್ಡನ್ನು ಡಬ್ಬಿಯ ಸಮೇತ ಅಕ್ಕನ ವಿಭಾಗದ ಲ್ಯಾಬಿಗೆ ಹೊತ್ತೊಯ್ದು ಯುಪಿಎಸ್ಸಿಗೆ ಸಿಕ್ಕಿಸಿದೆವು. ಪರದೆಯ ಮೇಲೆ ಒಂದು ಪಟ್ಟಿ ತುಂಬತೊಡಗಿತು. ಮೂವತ್ತು, ನಲವತ್ತೈದು, ಅರವತ್ತು. ಅರವತ್ತರಲ್ಲಿ ತುಂಬ ಹೊತ್ತು ನಿಂತಂತೆ ಅನಿಸಿತು. ಅಕ್ಕ ಯುಪಿಎಸ್ಸಿನ ಸ್ವಿಚ್ಚಿನ ಮುಂದೆ ಯಾರೂ ಮುಟ್ಟದಂತೆ ಅಡ್ಡ ನಿಂತಿದ್ದರು. ನೂರಾಯಿತು. ತಾನೇ ಆರಿ ತಾನೇ ಎದ್ದಿತು. ಅಕ್ಕನ ಪ್ರೊಸೆಸರ್ ತೆಗೆದು ಅವರಿಗೆ ಮರಳಿಸಿ, ನನ್ನದನ್ನು ಕೂರಿಸಿ, ಹೊಸ ಪೇಸ್ಟ್ ಹಚ್ಚಿ ಒತ್ತಿದೆ. ಮೊದಲ ಸಲ ಸ್ವಲ್ಪ ತಡವಾಯಿತು. ಹೊಸ ಪ್ರೊಸೆಸರು ಹೊಸ ರ‍್ಯಾಮಿನ ವೇಗ ಅಳೆದುಕೊಳ್ಳುವಾಗ ಹಾಗಾಗುತ್ತದೆ. ಕೆಂಪು ದೀಪ ಹತ್ತಿತು. ಆರಿತು.

ನೋಟ್‌ಬುಕ್ಕಿನ ಬಲಗಡೆ ಇಪ್ಪತ್ತಮೂರನೇ ಸಾಲಿನಲ್ಲಿ ‘ಎದ್ದಿತು’ ಎಂದು ಬರೆದೆ.

ಅಂಗಡಿಗೆ ಹೋಗಿ ಜಗಳವಾಡಬೇಕೆಂದು ಗೆಳತಿಯರು ಹೇಳಿದರು. ನಾನು ಫೋನಿನಲ್ಲಿ ವಿಷಯ ತಿಳಿಸಿ, ಇನ್ನು ಮುಂದೆ ಮಾರುವ ಮುಂಚೆ ಬಯಾಸಿನ ತಾರೀಖು ನೋಡಿ ಕೊಡಿ ಎಂದೆ. ಆ ಕಡೆಯಿಂದ “ಓ, ಹಂಗಾ ಮೇಡಂ” ಎಂದು ಬಂತು. ನೀವು ಬಿಡಿಭಾಗ ಕೊಳ್ಳುವವರಾದರೆ ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿ. ಯಾವ ಸರಣಿಯ ಪ್ರೊಸೆಸರಿಗೆ ಸಿದ್ಧವಿದೆ ಎಂಬ ಚೀಟಿಯನ್ನು ಕೆಲವು ಕಂಪನಿಗಳು ಅಂಟಿಸಿರುತ್ತವೆ. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರೇ ಇಲ್ಲದೆ ಪೆನ್‌ಡ್ರೈವಿನಿಂದ ಬಯಾಸ್ ಹೊಸದು ಮಾಡುವ ಗುಂಡಿಯೂ ಬೆನ್ನಿನ ಕಡೆ ಇರುತ್ತದೆ. ಐನೂರು ಸಾವಿರ ಹೆಚ್ಚಾದರೂ ಅಂಥದ್ದು ಒಳ್ಳೆಯದು. ಎಲ್ಲರಿಗೂ ಪ್ರೊಸೆಸರ್ ಬಿಚ್ಚಿ ಕೊಡುವ ಅಕ್ಕ ಇರುವುದಿಲ್ಲ.

ಸೆಮಿನಾರಿಗೆ ಬೇಕಾದ ತರಬೇತಿ ಆರು ದಿನದಲ್ಲಿ ಮುಗಿಯಿತು. ಆಮೇಲೆ ಊರಿಗೆ ಹೋದಾಗ ಅಪ್ಪ ಅಂಗಡಿಯ ಕಪಾಟಿನಿಂದ ಒಂದು ರಟ್ಟಿನ ಪುಸ್ತಕ ತೆಗೆದುಕೊಟ್ಟರು. ಮೂವತ್ತು ವರ್ಷದಲ್ಲಿ ಸುತ್ತಿದ ಮೋಟಾರುಗಳ ಲೆಕ್ಕ: ಎಷ್ಟು ಎಚ್‌ಪಿ, ಎಷ್ಟು ಸ್ಲಾಟು, ಯಾವ ಗೇಜು, ಎಷ್ಟು ಸುತ್ತು. ಎಲ್ಲವೂ ಕನ್ನಡ ಅಂಕಿಯಲ್ಲಿ. ಕಂಪನಿ ಮುಚ್ಚಿಹೋಗಿ, ಹೆಸರಿನ ತಗಡೂ ಉದುರಿಹೋದ ಮೋಟಾರುಗಳ ಲೆಕ್ಕವೂ ಅದರಲ್ಲಿದೆ, ಅಂಥವುಗಳ ಲೆಕ್ಕ ಇನ್ನೆಲ್ಲಿ ಸಿಗುತ್ತದೋ. ಪಕ್ಕದೂರಿನ ಹುಡುಗನೊಬ್ಬ ಈಗ ರಿವೈಂಡಿಂಗ್ ಕಲಿಯುತ್ತಿದ್ದಾನಂತೆ. “ಅವನ್ಗೆ ಕೊಡಾಣ ಅಂತಿದ್ದೆ. ಅದ್ಕೂ ಮುಂಚೆ ನಿನ್ ಮಿಸಿನ್ನು ಇದನ್ನ ಓದ್ತದಾ ನೋಡು.”

ಪುಟಗಳ ಫೋಟೋ ತೆಗೆದು ತಂದು ಓದಿಸಿದೆ. ಅಚ್ಚಿನ ಅಕ್ಷರ ಕಲಿತ ಯಂತ್ರಕ್ಕೆ ಕೈಬರಹ ಬಾರದು. ಅದರಲ್ಲೂ ಅಪ್ಪನ ಒಂಬತ್ತಂಕಿಯನ್ನು ಪದೇ ಪದೇ ಅರ್ಕಾವೊತ್ತೆಂದು ಓದುತ್ತದೆ. ಎರಡರ ಆಕಾರವೂ ಒಂದೇ, ಅದರದೇನೂ ತಪ್ಪಿಲ್ಲ. ಕಡೆಯ ಎರಡು ವರ್ಷದ ಪುಟಗಳಲ್ಲಂತೂ ಗೆರೆಗಳೇ ನಡುಗಿವೆ. ಮೊದಲ ಸಲ ನೂರು ಅಂಕಿಯಲ್ಲಿ ಸರಿಬಂದದ್ದು ಮೂವತ್ತೊಂದು. ಫೋನ್ ಮಾಡಿ ಹೇಳಿದೆ.

“ಮೂವತ್ತೊಂದು ಬತ್ತಾ?” ಎಂದರು ಅಪ್ಪ. “ಪರವಾಗಿಲ್ವೇ. ಯಾವ್ಯಾವ್ದು ತಪ್ಪಾಯ್ತು ಅಂತ ಓದು. ನಾನು ಬರ್ಕೋತೀನಿ.”